ಜೆಟ್ ಸ್ಕೀ ಹೊಟ್ಟೆಯೊಳಗಿನ ಜಿಡ್ಡು

ಆಯುಧಪೂಜೆ ಹತ್ತಿರ ಬಂತು ಅಂದರೆ ಈ ಅಂಕಣಕ್ಕೆ ತೊಳೆಯುವ ಪ್ರಶ್ನೆಗಳೇ ಜಾಸ್ತಿ. ಸ್ಕೂಟರ್ ತೊಳೆಯುವುದು ಹೇಗೆ, ಟ್ರ್ಯಾಕ್ಟರ್ ತೊಳೆಯುವುದು ಹೇಗೆ, ಪಂಪ್‌ಸೆಟ್ಟಿಗೆ ಸೋಪು ಹಾಕಬಹುದಾ, ಇಂಥವೇ. ಈ ಸಲ ಬೇರೆ ಗಿರಾಕಿ ಬಂದಿದೆ: ಜೆಟ್ ಸ್ಕೀ. ಒಂದು ಕಾಗದ ಬಂದಿದ್ದರೆ ಸುಮ್ನೆ ನಾಲ್ಕು ಸಾಲಲ್ಲಿ ಮುಗಿಸುತ್ತಿದ್ದೆ. ಆರು ಬಂದಿವೆ. ಹಾಗಾಗಿ ಈ ತಿಂಗಳು ಪೂರ್ತಿ ನೀರಿನ ಬೈಕಿಗೇ ಮೀಸಲು. ಪಂಪ್‌ಸೆಟ್‌ನವರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಲ ನಿಮ್ಮದೇ.

ಪ್ರಶ್ನೆ: ಸಾರ್, ಮೈಸೂರು ಹತ್ತಿರದ ಒಂದು ಕೆರೆಯಲ್ಲಿ ಬೋಟಿಂಗ್ ಕೆಲಸ ಮಾಡ್ತೀನಿ. ಒಂದು ಜೆಟ್ ಸ್ಕೀ ನನ್ನ ಜವಾಬ್ದಾರಿ. ಫೋರ್ ಸ್ಟ್ರೋಕ್, ಸೆಕೆಂಡ್ ಹ್ಯಾಂಡಲ್ಲಿ ತಂದಿದ್ದು. ಸೀಟು ಎತ್ತಿದ್ರೆ ಇಂಜಿನ್ ಸುತ್ತ ಕರೀ ಜಿಡ್ಡು, ತಳದಲ್ಲಿ ಎರಡು ಬೆರಳಷ್ಟು ಎಣ್ಣೆ ನೀರು. ರಿಂಗ್ ರೋಡಲ್ಲಿ ವಾಟರ್ ಸರ್ವಿಸ್ ಮಾಡೋರು ‘ತಗೊಂಡ್ ಬನ್ನಿ, ಡೀಸೆಲ್ ಹೊಡೆದು ಪ್ರೆಷರಲ್ಲಿ ತೊಳೆದು ಕೊಡ್ತೀವಿ, ಅರ್ಧ ಗಂಟೆ ಕೆಲಸ’ ಅಂತಾರೆ. ಮಾಲೀಕರು ಆಯುಧಪೂಜೆ ಒಳಗೆ ಫಳಫಳ ಅನ್ನಬೇಕು ಅಂತಾರೆ. ಕೊಡಲಾ? – ಬೋಟ್ ಹುಡುಗ, ಮೈಸೂರು ತಾಲ್ಲೂಕು

ಉತ್ತರ: ಕೊಡಬೇಡಿ.

ಬೈಕಿಗೆ ಆ ಸರ್ವಿಸ್ ಹೇಗೋ ನಡೆಯುತ್ತದೆ. ಬೈಕಿನ ಇಂಜಿನ್ ಬಯಲಲ್ಲಿದೆ, ನಾಲ್ಕು ಕಿಲೋಮೀಟರ್ ಓಡಿಸಿದರೆ ಗಾಳಿಗೆ ಒಣಗುತ್ತದೆ. ಜೆಟ್ ಸ್ಕೀ ಇಂಜಿನ್ ಕೂತಿರುವುದು ಮುಚ್ಚಿದ ತೊಟ್ಟಿಯೊಳಗೆ. ಅಲ್ಲಿಗೆ ಹೋದ ನೀರು ಅಲ್ಲೇ ಉಳಿಯುತ್ತದೆ, ಬಿಸಿಗೆ ಆವಿಯಾಗಿ ಮತ್ತೆ ವೈರು ಜೋಡಿಸುವ ಎಲ್ಲ ಕನೆಕ್ಟರ್ ಮೇಲೂ ಕೂರುತ್ತದೆ. ಪ್ರೆಷರ್ ನೀರಿಗೆ ರಬ್ಬರ್ ಸೀಲು ಗೀಲು ಯಾವ ಲೆಕ್ಕವೂ ಅಲ್ಲ. ಕನೆಕ್ಟರ್ ಒಳಗೆ, ಗಾಳಿ ಎಳೆಯುವ ಬಾಯೊಳಗೆ, ಎಲ್ಲಿಗೆ ಹೋಗಬಾರದೋ ಅಲ್ಲಿಗೆ ಹೋಗುತ್ತದೆ.

ಡೀಸೆಲ್ ಇನ್ನೂ ಕೆಟ್ಟದ್ದು. ಜಿಡ್ಡು ಬಿಡಿಸುತ್ತದೆ ನಿಜ, ಆದರೆ ತಾನೇ ಒಂದು ಪದರವಾಗಿ ಉಳಿದು ಮತ್ತೆ ಧೂಳು ಹಿಡಿಯುತ್ತದೆ. ಕೂಲಿಂಗ್ ನೀರಿನ ಹೋಸುಗಳ ರಬ್ಬರಿಗೆ ಎಣ್ಣೆ ಆಗಿಬರುವುದಿಲ್ಲ, ಉಬ್ಬಿ ಮೆತ್ತಗಾಗುತ್ತವೆ.

ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ವರ್ಷಗಳ ಹಿಂದೆ ಪರಿಚಯದವರೊಬ್ಬರ ಬೋಟ್ ಇಂಜಿನ್ನಿಗೆ ನಾನೇ ಪ್ರೆಷರ್ ಹೊಡೆದಿದ್ದೆ. ಸಂಜೆ ಹೊತ್ತಿಗೆ ಕನ್ನಡಿ ಥರ ಇತ್ತು. ಬೆಳಗ್ಗೆ ಸ್ಟಾರ್ಟ್ ಇಲ್ಲ. ಒಂದೊಂದೇ ಕನೆಕ್ಟರ್ ಬಿಚ್ಚಿ ಬಿಚ್ಚಿ ನೋಡಿ, ಮೂರನೇ ದಿನ ಮಧ್ಯಾಹ್ನ ಸಿಕ್ಕಿತು. ಒಂದೇ ಒಂದು ಪಿನ್ನು, ಅಕ್ಕಿಕಾಳಿಗಿಂತ ಸಣ್ಣದು, ಹಸಿರು ಕಿಟ್ಟ ಹಿಡಿದು ಕೂತಿತ್ತು. ಅವರು ಒಳ್ಳೆಯವರು, ಬೈಯಲಿಲ್ಲ, ಕಾಫಿ ಕೊಟ್ಟರು. ಅದೇ ಜಾಸ್ತಿ ನಾಚಿಕೆ ಆಯ್ತು ನೋಡಿ.

ಸರಿ, ನೀವೇ ತೊಳೆಯಿರಿ. ಆದರೆ ಬ್ರಷ್ ಹಿಡಿಯುವ ಮೊದಲು ಹತ್ತು ನಿಮಿಷ ಸುಮ್ಮನೆ ನೋಡಿ, ಮೊಬೈಲಲ್ಲಿ ಫೋಟೋ ತೆಗೆದಿಡಿ. ಯಾಕೆ ಅಂದರೆ ಆ ಜಿಡ್ಡು ಎಲ್ಲಿಂದ ಬಂತು ಅನ್ನುವುದನ್ನು ಜಿಡ್ಡೇ ಹೇಳುತ್ತದೆ. ತೊಳೆದುಬಿಟ್ಟರೆ ಸಾಕ್ಷಿ ಹೋಯ್ತು. ಪೂಜೆ ಆಗಿ ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ.

ಇಂಜಿನ್ನಿನ ಕೆಳಭಾಗದಲ್ಲಿ, ಆಯಿಲ್ ಫಿಲ್ಟರ್ ಪಕ್ಕದಲ್ಲಿ ದಪ್ಪ ಕಪ್ಪು ಎಣ್ಣೆ ಇಳಿದ ಗೆರೆ ಇದ್ದರೆ, ಹಿಂದಿನ ಸಲ ಫಿಲ್ಟರ್ ಬದಲಿಸಿದವರು ಚೆಲ್ಲಿದ್ದು ಒರೆಸಿಲ್ಲ ಅಥವಾ ಫಿಲ್ಟರ್ ಮುಚ್ಚಳದ ರಿಂಗು ಸರಿಯಾಗಿ ಕೂತಿಲ್ಲ. ಗಾಳಿ ಡಬ್ಬಿಯ, ಅಂದರೆ ಇಂಜಿನ್ನಿಗೆ ಗಾಳಿ ಹೋಗುವ ಪೆಟ್ಟಿಗೆಯ, ಒಳಗೂ ಹೊರಗೂ ಎಣ್ಣೆ ಇದ್ದರೆ, ಬಹುಶಃ ಯಾರೋ ಆಯಿಲ್ ಜಾಸ್ತಿ ಹೊಯ್ದಿದ್ದಾರೆ. ಡಿಪ್‌ಸ್ಟಿಕ್ಕಿನ (ಆಯಿಲ್ ಅಳೆಯುವ ಕಡ್ಡಿ) ಮೇಲಿನ ಗೆರೆ ದಾಟಿ ಹಾಕಿದ ಎಣ್ಣೆ, ಇಂಜಿನ್ನಿನ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಲ್ಲಿ ಹತ್ತಿ ಅಲ್ಲಿಗೇ ಬರುತ್ತದೆ. ‘ಇರಲಿ ಸಾರ್, ಒಂದು ನೂರು ಎಂಎಲ್ ಎಕ್ಸ್‌ಟ್ರಾ’ ಅನ್ನುವವರ ಕೈಗೆ ಆಯಿಲ್ ಡಬ್ಬಿ ಕೊಡಲೇಬೇಡಿ. ಹಿಂದುಗಡೆ, ಇಂಜಿನ್ನಿನಿಂದ ಜೆಟ್ಟಿಗೆ ಹೋಗುವ ಶಾಫ್ಟ್ ಇರುವ ಕಡೆ ಗ್ರೀಸು ಎರಡೂ ಪಕ್ಕಕ್ಕೆ ಗೆರೆಯಾಗಿ ಚಿಮ್ಮಿದ್ದರೆ ಗಾಬರಿ ಬೇಡ, ಜಾಸ್ತಿ ಗ್ರೀಸು ತುಂಬಿದರೆ ತಿರುಗುವಾಗ ಎರಚುತ್ತದೆ. ಆದರೆ ಅದೇ ಜಾಗದಲ್ಲಿ ಕರೀ ಪುಡಿ ಇದ್ದು, ಮುಟ್ಟಿದರೆ ಒಣ ಒಣ ಅನ್ನಿಸಿದರೆ, ಒಂದೋ ಶಾಫ್ಟನ್ನು ಇಂಜಿನ್ನಿಗೆ ಜೋಡಿಸುವ ಕಪ್ಲಿಂಗ್ ರಬ್ಬರ್ ಸವೆಯುತ್ತಿದೆ, ಇಲ್ಲ ಶಾಫ್ಟ್ ಒಳಬರುವಲ್ಲಿ ಇರುವ ಕಾರ್ಬನ್ ಸೀಲ್ ಸವೆಯುತ್ತಿದೆ. ಸೀಲ್ ಹೋದರೆ ನೀರೂ ಒಳಗೆ ಬರುತ್ತದೆ. ನಿಮ್ಮ ಎರಡು ಬೆರಳು ನೀರಿನ ಮೂಲ ಅಲ್ಲೇ ಇರಬಹುದು, ಮೊದಲು ಅದನ್ನು ನೋಡಿ. ಸೈಲೆನ್ಸರ್ ಪೈಪಿನ ಕ್ಲಾಂಪ್ ಹತ್ತಿರ ಅಡುಗೆಮನೆ ಮಸಿ ಥರ ಕಪ್ಪಾಗಿದ್ದರೆ ಅಲ್ಲಿ ಹೊಗೆ ಸೋರುತ್ತಿದೆ, ಅದನ್ನು ಸರಿ ಮಾಡದೆ ಜನರನ್ನು ಕೂರಿಸಬೇಡಿ.

ಈಗ ಸುರಕ್ಷತೆ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಸೀಟು ತೆಗೆದು ಅರ್ಧ ಗಂಟೆ ಬಿಟ್ಟು, ತಳಕ್ಕೆ ಮುಖ ಹಿಡಿದು ವಾಸನೆ ನೋಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮೇಲೆ ಹೋಗಲ್ಲ, ತಳದಲ್ಲಿ ಬಾವಿ ನೀರಿನ ಥರ ನಿಂತುಬಿಡುತ್ತದೆ. ವಾಸನೆ ಬಂದರೆ ಕೆಲಸ ನಿಲ್ಲಿಸಿ, ಸೋರುವ ಹೋಸು ಹುಡುಕಿಸಿ. ಗಾಳಿ ಆಡಲಿ ಅಂತ ಮನೆಯ ಟೇಬಲ್ ಫ್ಯಾನ್ ತಂದಿಡಬೇಡಿ, ನೀರು ಎಳೆಯಲು ವ್ಯಾಕ್ಯೂಮ್ ಕ್ಲೀನರ್ ಹಚ್ಚಬೇಡಿ. ಅವುಗಳ ಮೋಟರಿನ ಒಂದು ಕಿಡಿ ಸಾಕು. ವಾಸನೆ ಇಲ್ಲ ಅಂತ ಖಾತ್ರಿ ಆದ ಮೇಲೆ ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಆಮೇಲೆ ಪಾಸಿಟಿವ್.

ತಳದ ಎಣ್ಣೆ ನೀರಿನ ವಿಚಾರಕ್ಕೆ ಬಂದೆ. ನಿಜವಾಗಿ ನಾನು ಈ ಪುಟ ಪೂರ್ತಿ ತೆಗೆದುಕೊಂಡಿದ್ದೇ ಇದಕ್ಕೆ. ಗಾಡಿ ಹಿಂದುಗಡೆ ಸಾಮಾನ್ಯವಾಗಿ ಎರಡು ಬಿರಡೆ ಇರುತ್ತವೆ, ಡ್ರೈನ್ ಪ್ಲಗ್ ಅನ್ನುತ್ತೀರಲ್ಲ ಅವು. ಕೆರೆ ದಡದಲ್ಲೇ ನಿಲ್ಲಿಸಿ ಅವನ್ನು ತಿರುಗಿಸಿ ಬಿಟ್ಟರೆ ಎರಡು ನಿಮಿಷದಲ್ಲಿ ಎಲ್ಲ ಖಾಲಿ. ಖಾಲಿ ಆಗಿ ಎಲ್ಲಿಗೆ ಹೋಯ್ತು? ಕೆರೆಗೆ. ಕೆಲವರು ‘ನಾವು ಹಾಗೆಲ್ಲ ಮಾಡಲ್ಲ’ ಅನ್ನುತ್ತಾರೆ. ಮಾಡುತ್ತೀರಿ, ಗೊತ್ತಿಲ್ಲದೆ. ಬಹಳಷ್ಟು ಜೆಟ್ ಸ್ಕೀಗಳಲ್ಲಿ ಬೇಲರ್ ಅಂತ ಸಣ್ಣ ಪೈಪು ಇರುತ್ತದೆ. ಗಾಡಿ ಓಡುವಾಗ ಹಿಂದಿನ ಜೆಟ್ಟಿನ ಸೆಳೆತಕ್ಕೆ ತಳದ ನೀರನ್ನು ತಾನೇ ಹೀರಿ ಹೊರಗೆ ಚೆಲ್ಲುತ್ತದೆ. ನೀರು ಯಾವುದು, ಎಣ್ಣೆ ಯಾವುದು ಅಂತ ಅದಕ್ಕೇನು ಗೊತ್ತು. ತಳದಲ್ಲಿ ಎಣ್ಣೆ ಇಟ್ಟುಕೊಂಡು ಓಡಿಸಿದ ಪ್ರತಿ ರೌಂಡಿನಲ್ಲೂ ನೀವು ಕೆರೆಗೆ ಎಣ್ಣೆ ಬಿಡುತ್ತಿದ್ದೀರಿ. ನೀರಿನ ಮೇಲೆ ನವಿಲುಗರಿ ಬಣ್ಣ ಆಡುತ್ತದಲ್ಲ, ಪ್ರವಾಸಿಗರು ಅದನ್ನೂ ಫೋಟೋ ತೆಗೆಯುತ್ತಾರೆ, ಅದು ನಿಮ್ಮ ಗಾಡಿಯ ಎಣ್ಣೆ. ಅದೇ ನೀರಿಗೆ ದನ ಬಾಯಿ ಹಾಕುತ್ತದೆ, ಕೊಕ್ಕರೆ ಇಳಿಯುತ್ತದೆ.

ಹಾಗಾಗಿ ಮೊದಲ ಕೆಲಸ, ಗಾಡಿಯನ್ನು ಟ್ರೈಲರ್ ಮೇಲೆ ಹತ್ತಿಸಿ ದಡದಿಂದ ದೂರ, ಸಿಮೆಂಟ್ ನೆಲಕ್ಕೆ ತನ್ನಿ. ಎಣ್ಣೆ ಹೀರುವ ಬಿಳಿ ಪ್ಯಾಡುಗಳು ಸಿಗುತ್ತವೆ. ಅವು ನೀರನ್ನು ಬಿಟ್ಟು ಎಣ್ಣೆಯನ್ನಷ್ಟೇ ಕುಡಿಯುತ್ತವೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಫ್ಯಾಕ್ಟರಿಗಳಿಗೆ ಸೇಫ್ಟಿ ಸಾಮಾನು ಮಾರುವವರ ಹತ್ತಿರ ವಿಚಾರಿಸಿ. ಒಂದೆರಡು ಹಾಳೆ ತಳದಲ್ಲಿ ತೇಲಿಸಿ ಬಿಟ್ಟು ಟೀ ಕುಡಿದು ಬನ್ನಿ, ಬರುವಷ್ಟರಲ್ಲಿ ಹಾಳೆ ಕಪ್ಪಾಗಿರುತ್ತದೆ. ಆಮೇಲೆ ಉಳಿದ ನೀರನ್ನು ಬಿರಡೆ ತೆಗೆದು ಟಬ್ಬಿಗೆ ಹಿಡಿಯಿರಿ. ಟ್ರೈಲರಿನ ಮೂತಿ ಸ್ವಲ್ಪ ಎತ್ತಿದರೆ ಎಲ್ಲ ಹಿಂದಕ್ಕೆ ಹರಿದು ಬರುತ್ತದೆ. ಗ್ಯಾರೇಜಿನ ಬನಿಯನ್ ವೇಸ್ಟ್ ಬಳಸುವುದಾದರೆ ಜೋಪಾನ, ಅದರ ನೂಲು ಬೇಲರಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಹಳೇ ಪಂಚೆ ತುಂಡು ವಾಸಿ. ಮರದ ಪುಡಿಯಂತೂ ಬೇಡವೇ ಬೇಡ, ನೆಲಕ್ಕೆ ಸರಿ, ಇದಕ್ಕಲ್ಲ.

ತೊಳೆಯುವುದು ಅಂದರೆ ನಿಜವಾಗಿ ಒರೆಸುವುದು. ಗಾಳಿ ಎಳೆಯುವ ಬಾಯಿ, ಕಂಪ್ಯೂಟರ್ ಡಬ್ಬಿ, ಫ್ಯೂಸ್ ಡಬ್ಬಿ, ಕಾಯಿಲ್‌ಗಳಿಗೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ನೀರಲ್ಲಿ ಕರಗುವ ಡೀಗ್ರೀಸರ್ ಸಿಕ್ಕರೆ ಒಳ್ಳೆಯದು, ಡಬ್ಬಿಯ ಮೇಲೆ ಅಲ್ಯೂಮಿನಿಯಮ್ಮಿಗೆ ಆಗುತ್ತದೆ ಅಂತ ಬರೆದಿರಬೇಕು. ಸಿಗದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಚಮಚ, ಒಂದು ಲೀಟರ್ ಉಗುರುಬೆಚ್ಚಗಿನ ನೀರು. ತೆಳು ಜಿಡ್ಡಿಗೆ ಅಷ್ಟೇ ಸಾಕು. ಕಾಸ್ಟಿಕ್ ಸೋಡ, ಬಾತ್‌ರೂಮ್ ಆಸಿಡ್ ಹತ್ತಿರ ತರಬೇಡಿ. ಇಂಜಿನ್ನಿನ ಬಹುಪಾಲು ಅಲ್ಯೂಮಿನಿಯಮ್, ಎರಡೂ ಅದನ್ನು ತಿನ್ನುತ್ತವೆ.

ಮೇಲಿಂದ ಕೆಳಕ್ಕೆ ಬನ್ನಿ. ಒಂದು ಅಂಗೈ ಅಗಲ ಜಾಗಕ್ಕೆ ಹಚ್ಚಿ, ಐದು ನಿಮಿಷ ನೆನೆಯಲು ಬಿಡಿ, ಒಣಗುವ ಮೊದಲೇ ಹಳೇ ಹಲ್ಲುಜ್ಜುವ ಬ್ರಷ್ಷಲ್ಲಿ ಉಜ್ಜಿ, ಬಟ್ಟೆಯಲ್ಲಿ ಎತ್ತಿ. ಸಂದಿಗಳಿಗೆ ಮಕ್ಕಳ ಹಾಲಿನ ಬಾಟಲ್ ತೊಳೆಯುವ ಬ್ರಷ್ಷಿನಷ್ಟು ಒಳ್ಳೆಯದು ಇನ್ನೊಂದಿಲ್ಲ, ಬೇಕಾದ ಹಾಗೆ ಬಗ್ಗುತ್ತದೆ. ಆಲೆಮನೆ ಕೊಪ್ಪರಿಗೆ ಅಂಚಿನ ಮಡ್ಡಿ ಥರ ಗಟ್ಟಿಯಾಗಿದ್ದರೆ ಪ್ಲಾಸ್ಟಿಕ್ ಚಮಚದ ಹಿಡಿಯಲ್ಲಿ ಕೆರೆಯಿರಿ, ಸ್ಕ್ರೂಡ್ರೈವರಲ್ಲಿ ಅಲ್ಲ. ತೊಳೆಯುವ ನೀರಿಗೆ ಗಿಡಕ್ಕೆ ಔಷಧಿ ಹೊಡೆಯುವ ಒಂದೆರಡು ಲೀಟರಿನ ಕೈಪಂಪು ಸಾಕು. ಹೊಸದು ತಗೊಳ್ಳಿ, ಬೆಳೆಗೆ ಹೊಡೆದ ಹಳೆಯದು ಬೇಡ. ಮಂಜಿನ ಹಾಗೆ ಹೊಡೆದು ಟಬ್ಬಿಗೆ ಇಳಿಸಿಕೊಳ್ಳಿ. ಎರಡು ಮೂರು ಸಲ ಹೀಗೆ ಮಾಡಿದರೆ ಐದಾರು ಲೀಟರ್ ಕೊಳೆ ನೀರು ಬರುತ್ತದೆ, ಒಂದು ಹನಿಯೂ ನೆಲಕ್ಕೆ ಹೋಗಬಾರದು.

ಆಮೇಲೆ ಸೀಟು ಮುಚ್ಚದೆ ನೆರಳಲ್ಲಿ ಒಂದು ದಿನ ಒಣಗಲು ಬಿಡಿ. ಅರ್ಧ ಗಂಟೆಯಲ್ಲಿ ಆಗುವ ಕೆಲಸ ಅಲ್ಲ ಇದು. ಪಂಕ್ಚರ್ ಅಂಗಡಿಯ ಗಾಳಿ ಹಿಡಿಯಬಹುದು, ಆದರೆ ಆ ಗಾಳಿಯಲ್ಲೇ ನೀರಿರುತ್ತದೆ, ಕನೆಕ್ಟರಿಗೆ ನೇರ ಹಿಡಿಯಬೇಡಿ. ಒಣಗಿದ ಮೇಲೆ ಬ್ಯಾಟರಿ ಹಾಕುವ ಮೊದಲೇ ಲೋಹದ ಭಾಗಗಳಿಗೆ ತುಕ್ಕು ತಡೆಯುವ ಸ್ಪ್ರೇ ತೆಳ್ಳಗೆ. ತೆಳ್ಳಗೆ ಅಂದರೆ ತೆಳ್ಳಗೆ, ಒಗ್ಗರಣೆ ಹಾಕಿದ ಹಾಗಲ್ಲ. ಆ ಸ್ಪ್ರೇಯ ಗ್ಯಾಸೂ ಬೆಂಕಿ ಹಿಡಿಯುತ್ತದೆ, ಅದು ಆರುವವರೆಗೆ ಕಾಯಿರಿ. ಬ್ಯಾಟರಿ ಹಾಕುವಾಗ ಪಾಸಿಟಿವ್ ಮೊದಲು.

ಇನ್ನೊಂದು ಹಳೇ ಮೆಕ್ಯಾನಿಕ್ ಉಪಾಯ. ಸೋರಿಕೆ ಎಲ್ಲಿ ಅಂತ ಅನುಮಾನ ಇದ್ದರೆ ಒಣಗಿದ ಇಂಜಿನ್ನಿನ ಹೊರಮೈಗೆ, ಆ ಜಾಗಕ್ಕೆ ಮಾತ್ರ, ಮುಖಕ್ಕೆ ಹಾಕುವ ಪೌಡರ್ ಚಿಟಿಕೆ ಚಿಟಿಕೆ ಉದುರಿಸಿ. ಗಾಳಿ ಬಾಯಿಯಿಂದ ದೂರ ಇರಲಿ. ಸ್ವಲ್ಪ ಹೊತ್ತು ಓಡಿಸಿ ಬಂದು ಸೀಟು ಎತ್ತಿ. ಬಿಳಿ ಪೌಡರ್ ಮೇಲೆ ಎಣ್ಣೆ ಇಳಿದ ದಾರಿ ಕಾಡಿಗೆ ಎಳೆದ ಹಾಗೆ ಕಾಣುತ್ತದೆ. ಆ ಗೆರೆಯ ಮೇಲಿನ ತುದಿಯೇ ನಿಮ್ಮ ಕಳ್ಳ.

ಪೂಜೆ ದಿನ ಕುಂಕುಮ, ಹೂವು, ನಿಂಬೆಹಣ್ಣು ಎಲ್ಲ ಇರಲಿ, ಸೀಟು ಮುಚ್ಚಿದ ಮೇಲೆ ಇರಲಿ. ಇಂಜಿನ್ನಿಗೂ ಒಂದು ಹಾರ ಅಂತ ಒಳಗೆ ಹಾಕಿದರೆ ಚೆಂಡುಹೂವಿನ ಎಸಳು ಸೀದಾ ಬೇಲರಿಗೆ ಹೋಗಿ ಕೂರುತ್ತದೆ.

ಪ್ರಶ್ನೆ: ಪೆಟ್ರೋಲಲ್ಲಿ ಬಟ್ಟೆ ಅದ್ದಿ ಒರೆಸಿದ್ರೆ ಕ್ಷಣದಲ್ಲಿ ಜಿಡ್ಡು ಹೋಗುತ್ತೆ. ನಮ್ಮ ಗ್ಯಾರೇಜಲ್ಲಿ ಕಾರ್ಬೊರೇಟರ್ ಎಲ್ಲ ಹಾಗೇ ತೊಳೆಯೋದು. ನೀವ್ಯಾಕೆ ಸೋಪು ನೀರು ಅಂತ ಕಷ್ಟ ಕೊಡ್ತೀರ? – ಗ್ಯಾರೇಜ್ ಓದುಗರು, ಶ್ರೀರಂಗಪಟ್ಟಣ

ಉತ್ತರ: ನೀವು ಕಾರ್ಬೊರೇಟರ್ ತೊಳೆಯುವುದು ಬೀದಿ ಬದಿಯಲ್ಲಿ, ಗಾಳಿಯಲ್ಲಿ. ಅದೂ ಸರಿಯಲ್ಲ, ಇರಲಿ. ಪೆಟ್ರೋಲ್ ಮೈನಸ್ 40 ಡಿಗ್ರಿ ಚಳಿಯಲ್ಲೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು. ನಮ್ಮ ಮಧ್ಯಾಹ್ನದ ಬಿಸಿಲಲ್ಲಿ, ಮುಚ್ಚಿದ ತೊಟ್ಟಿಯಲ್ಲಿ, ಸಂಜೆ ಯಾರೋ ಸೀಟು ಹಾಕಿ ಸ್ಟಾರ್ಟ್ ಬಟನ್ ಒತ್ತಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಸೀಮೆಎಣ್ಣೆ, ಥಿನ್ನರ್ ಎಲ್ಲದಕ್ಕೂ ಇದೇ ಉತ್ತರ. ಅಂದ ಹಾಗೆ, ದಿನಾ ಬೆಳಗ್ಗೆ ಮೊದಲ ಸ್ಟಾರ್ಟಿಗೆ ಮುಂಚೆ, ಪೆಟ್ರೋಲ್ ತುಂಬಿಸಿದ ಮೇಲೂ, ಸೀಟು ಎತ್ತಿ ಕೆಲವು ನಿಮಿಷ ಗಾಳಿ ಆಡಿಸುವುದು ಅಭ್ಯಾಸ ಆಗಲಿ. ಹೇಗೂ ಗಿರಾಕಿಗೆ ಲೈಫ್ ಜಾಕೆಟ್ ಹಾಕಿಸಲು ಅಷ್ಟು ಹೊತ್ತು ಬೇಕಲ್ವಾ.

ಪ್ರಶ್ನೆ: ಕರಾವಳಿಯಿಂದ ಹಳೇ ಜೆಟ್ ಸ್ಕೀ ತಂದಿದ್ದೇವೆ. ಜಿಡ್ಡು ಒರೆಸಿದರೆ ಅದರ ಅಡಿಯಲ್ಲಿ ಬಿಳೀ ಪುಡಿ ಕಾಣುತ್ತೆ. ಸೋಪಿನದಾ? – ಓದುಗರು, ಪಾಂಡವಪುರ

ಉತ್ತರ: ಸೋಪಿನದಲ್ಲ, ಸಮುದ್ರದ್ದು. ನಾವು ಕಾವೇರಿ ನೀರಿನ ಜನ, ಉಪ್ಪು ನೀರಿನ ಉಪಟಳ ನಮಗೆ ಅಭ್ಯಾಸ ಇಲ್ಲ. ಎರಡು ಥರ ಬಿಳಿ ಇರುತ್ತದೆ. ಒದ್ದೆ ಬಟ್ಟೆಗೆ ಕರಗಿ ಹೋದರೆ ಅದು ಬರೀ ಉಪ್ಪು. ಕರಗದೆ, ಉಗುರಲ್ಲಿ ಕೆರೆದಾಗ ಸುಣ್ಣದ ಹಾಗೆ ಉದುರಿ ಅಡಿಯಲ್ಲಿ ಸಣ್ಣ ಸಣ್ಣ ಗುಂಡಿ ಕಂಡರೆ ಅದು ಅಲ್ಯೂಮಿನಿಯಮ್ ತಾನೇ ಕೊಳೆತದ್ದು. ಜಿಡ್ಡು ಉಪ್ಪನ್ನು ಮುಚ್ಚಿ ಹಿಡಿದುಕೊಂಡು ಕೂತಿರುತ್ತದೆ, ಹಾಗಾಗಿ ಮೊದಲು ಜಿಡ್ಡು ತೆಗೆದು ಆಮೇಲೆ ಸಿಹಿನೀರಿನ ಬಟ್ಟೆಯಲ್ಲಿ ನಾಲ್ಕು ಸಲ ಒರೆಸಿ. ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ ಹಸಿರು ಹೊದಿಕೆಗೆ, ವೈರು ಬಿಚ್ಚಿದ ಮೇಲೆ, ಅಡುಗೆ ಸೋಡ ಕಲಸಿದ ನೀರು ಸಾಕು.

ಹೊರಗಿನ ಉಪ್ಪು ಕಣ್ಣಿಗೆ ಕಾಣುತ್ತದೆ, ಕೂಲಿಂಗ್ ದಾರಿಯೊಳಗಿನದು ಕಾಣಲ್ಲ. ಅದಕ್ಕೆ ಫ್ಲಷ್ ಮಾಡಬೇಕು, ಅಂದರೆ ಹೋಸಿನಿಂದ ಸಿಹಿನೀರು ಹಾಯಿಸಿ ಒಳಗೆ ತೊಳೆಯಬೇಕು. ಇಲ್ಲೊಂದು ಕ್ರಮ ಇದೆ, ಇದನ್ನು ಕತ್ತರಿಸಿ ಶೆಡ್ಡಿನ ಗೋಡೆಗೆ ಅಂಟಿಸಿಕೊಳ್ಳಿ. ಹೋಸು ಜೋಡಿಸಿ, ನೀರು ಬಿಡಬೇಡಿ. ಮೊದಲು ಇಂಜಿನ್ ಸ್ಟಾರ್ಟ್, ತಕ್ಷಣ ನೀರು. ಮುಗಿಸುವಾಗ ಉಲ್ಟಾ: ಮೊದಲು ನೀರು ನಿಲ್ಲಿಸಿ, ಒಂದೆರಡು ಸಲ ಆಕ್ಸಿಲರೇಟರ್ ಒತ್ತಿ ಪೈಪಿನ ನೀರು ಉಗುಳಿಸಿ, ಆಮೇಲೆ ಇಂಜಿನ್ ಆಫ್. ಇಂಜಿನ್ ನಿಂತಿರುವಾಗ ನೀರು ಬಿಟ್ಟರೆ ಅದು ಸೈಲೆನ್ಸರ್ ಕಡೆಯಿಂದ ತುಂಬಿಕೊಂಡು ಸಿಲಿಂಡರಿಗೇ ಇಳಿಯುತ್ತದೆ. ನೀರಿಲ್ಲದೆ ಕೆಲವು ಸೆಕೆಂಡಿಗಿಂತ ಜಾಸ್ತಿ ಓಡಿಸಲೂಬಾರದು. ಎಷ್ಟು ಹೊತ್ತು ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ಥರ, ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡಿ. ಮ್ಯಾನ್ಯುಯಲ್ ಇಲ್ಲದೆ ಮಾರಿದ್ದರೆ ಮಾಡೆಲ್ ನಂಬರ್ ಹಾಕಿ ಮೊಬೈಲಲ್ಲಿ ಹುಡುಕಿ.

ಪ್ರಶ್ನೆ: ಹೋದ ಭಾನುವಾರ ಗಿರಾಕಿಯೊಬ್ಬರು ಗಾಡಿ ಮಗುಚಿಹಾಕಿದರು. ಎತ್ತಿ ಎಳ್ಕೊಂಡ್ ಬಂದ್ವಿ. ಡಿಪ್‌ಸ್ಟಿಕ್ ತೆಗೆದ್ರೆ ಆಯಿಲ್ಲು ಹಾಲು ಬೆರೆತ ಕಾಫಿ ಬಣ್ಣ. ಗಾಳಿ ಡಬ್ಬಿ ಪೂರ್ತಿ ಎಣ್ಣೆ. ಒರೆಸಿ ಓಡಿಸಬಹುದಾ? – ಹೆಸರು ಬೇಡ ಎಂದವರು, ಮೈಸೂರು

ಉತ್ತರ: ಓಡಿಸಿಲ್ಲ ತಾನೆ? ದೇವರ ದಯೆ ಇರಲಿ. ಹಾಲು ಬೆರೆತ ಕಾಫಿ ಬಣ್ಣ ಅಂದರೆ ಆಯಿಲಿಗೆ ನೀರು ಸೇರಿದೆ. ಇದು ಒರೆಸುವ ಕೆಲಸ ಅಲ್ಲ. ಸಿಲಿಂಡರಲ್ಲಿ ನೀರಿದ್ದಾಗ ಸ್ಟಾರ್ಟರ್ ಒತ್ತಿದರೆ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇಂಜಿನ್ ಬಿಚ್ಚುವ ಕೆಲಸ ಗೊತ್ತಿರುವ ಮೆಕ್ಯಾನಿಕ್ ಕರೆಸಿ. ಅವರು ಸ್ಪಾರ್ಕ್ ಪ್ಲಗ್ ತೆಗೆದು, ಕಿಡಿ ಬರದ ಹಾಗೆ ಮಾಡಿ, ನೀರು ಹೊರಹಾಕಿ, ಆಯಿಲ್ ಮತ್ತು ಫಿಲ್ಟರ್ ಬದಲಿಸುತ್ತಾರೆ. ಸ್ವಲ್ಪ ಓಡಿಸಿ ಮತ್ತೆ ಬದಲಿಸಬೇಕು, ಬಣ್ಣ ಶುದ್ಧ ಆಗುವವರೆಗೆ. ದುಡ್ಡು ಉಳಿಸಲು ಒಂದೇ ಸಲಕ್ಕೆ ನಿಲ್ಲಿಸಬೇಡಿ. ನೀರು ಹೋದ ದಿನವೇ ಮಾಡಿಸಬೇಕಿತ್ತು, ತಡ ಆದಷ್ಟೂ ಬೇರಿಂಗಿಗೆ ತುಕ್ಕು.

ಗಾಳಿ ಡಬ್ಬಿಗೆ ಎಣ್ಣೆ ಬಂದದ್ದು ಬಹುಶಃ ತಪ್ಪು ಕಡೆಗೆ ತಿರುಗಿಸಿ ಎತ್ತಿದ್ದಕ್ಕೆ. ಗಾಡಿಯ ಹಿಂಭಾಗದಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ, ಮಗುಚಿದಾಗ ಯಾವ ಕಡೆಗೆ ಉರುಳಿಸಬೇಕು ಅಂತ ಬಾಣದ ಗುರುತು. ಮಗುಚಿದಾಗಲೂ ಓದಲು ಬರಲಿ ಅಂತ ಅದನ್ನು ತಲೆಕೆಳಗಾಗಿ ಅಂಟಿಸಿರುತ್ತಾರೆ. ಎಷ್ಟೋ ಜನ ಅದನ್ನು ತಪ್ಪಾಗಿ ಅಂಟಿಸಿದ್ದಾರೆ ಅಂದುಕೊಂಡು ಕಿತ್ತುಹಾಕುತ್ತಾರೆ! ಇನ್ನು ಎಳೆದು ತರುವಾಗ ನಡಿಗೆಯ ವೇಗ ಸಾಕು. ಜೋರಾಗಿ ಎಳೆದರೆ ಕೂಲಿಂಗ್ ದಾರಿಯಲ್ಲಿ ನೀರು ನುಗ್ಗುತ್ತದೆ, ಇಂಜಿನ್ ನಿಂತಿರುವುದರಿಂದ ಅದನ್ನು ಉಗುಳುವವರು ಯಾರೂ ಇಲ್ಲ.

ಪ್ರಶ್ನೆ: ತೊಳೆದ ಎಣ್ಣೆ ನೀರು, ಹಳೇ ಆಯಿಲ್ ಎರಡು ಕ್ಯಾನ್ ಆಗಿದೆ. ಸೆಂಟ್ರಿಂಗ್ ಕೆಲಸದವರು ಶೀಟಿಗೆ ಹಚ್ಚಲು ಕೇಳ್ತಾರೆ, ಆಲೆಮನೆಯವರು ಒಲೆಗೆ ಕೇಳ್ತಾರೆ. ಯಾರಿಗೆ ಕೊಡಲಿ? – ಓದುಗರು, ಮಂಡ್ಯ

ಉತ್ತರ: ಇಬ್ಬರಿಗೂ ಬೇಡ. ಸೆಂಟ್ರಿಂಗ್ ಶೀಟಿಗೆ ಹಚ್ಚಿದ್ದು ಮಳೆಗೆ ತೊಳೆದು ಮಣ್ಣಿಗೆ ಹೋಗುತ್ತದೆ. ಬೆಲ್ಲ ಬೇಯಿಸುವ ಒಲೆಗೆ ಇಂಜಿನ್ ಆಯಿಲ್ ಹಾಕುವ ಯೋಚನೆಯನ್ನಂತೂ ಬಿಟ್ಟುಬಿಡಿ, ಅದರಲ್ಲಿ ಸವೆದ ಲೋಹದ ಕಣಗಳೂ ಇರುತ್ತವೆ, ಹೊಗೆ ನಿಮ್ಮ ಊರಿನವರೇ ಕುಡಿಯಬೇಕು. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಬರುತ್ತದೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೆ ಮಾತ್ರ ಕೊಡಬೇಕು. ನೀವು ಎರಡು ಕ್ಯಾನಿಗೆ ಅವರನ್ನು ಹುಡುಕಿಕೊಂಡು ಹೋಗುವುದು ಕಷ್ಟ, ಒಪ್ಪಿದೆ. ಸುಲಭದ ದಾರಿ, ದೊಡ್ಡ ಕಾರ್ ಸರ್ವಿಸ್ ಸೆಂಟರಿನವರು ಬ್ಯಾರಲ್‌ಗಟ್ಟಲೆ ಕೂಡಿಟ್ಟು ಕೊಡುತ್ತಾರೆ, ಅವರನ್ನು ಕೇಳಿ ನಿಮ್ಮದನ್ನೂ ಸೇರಿಸಿ. ಎಣ್ಣೆ ನೀರನ್ನು ಹಾಗೇ ಕೊಡಬೇಡಿ, ಕ್ಯಾನ್ ಅಲುಗಾಡಿಸದೆ ಎರಡು ದಿನ ಇಟ್ಟರೆ ಎಣ್ಣೆಯ ಬಹುಪಾಲು ಮೇಲೆ ನಿಲ್ಲುತ್ತದೆ, ಪ್ಯಾಡಲ್ಲಿ ಎತ್ತಬಹುದು. ಸೋಪು ಬೆರೆತದ್ದು ಅಷ್ಟು ಬೇಗ ಬಿಡಿಸಿಕೊಳ್ಳುವುದಿಲ್ಲ, ಅದಕ್ಕೇ ಸೋಪು ಹಾಕುವ ಮೊದಲೇ ತಳದ ಎಣ್ಣೆ ಎತ್ತಿ ಅಂದದ್ದು. ಕೆಳಗಿನ ನೀರನ್ನೂ ಚರಂಡಿಗೆ ಚೆಲ್ಲಬೇಡಿ, ಅದೇ ಸರ್ವಿಸ್ ಸೆಂಟರಿನ ತೊಳೆಯುವ ಜಾಗದಲ್ಲಿ ಎಣ್ಣೆ ಬೇರ್ಪಡಿಸುವ ತೊಟ್ಟಿ ಇದೆಯಾ ಅಂತ ಕೇಳಿ. ಎಣ್ಣೆ ಕುಡಿದ ಪ್ಯಾಡು, ಬಟ್ಟೆ ಎಲ್ಲ ಮುಚ್ಚಳ ಇರುವ ಡಬ್ಬದಲ್ಲಿಟ್ಟು ಅಲ್ಲಿಗೇ ಕಳಿಸಿ.

ಪ್ರಶ್ನೆ: ನಮ್ಮ ಹುಡುಗ ಬೋಟಿಂಗ್ ಕೆಲಸಕ್ಕೆ ಸೇರಿ ಆರು ತಿಂಗಳಾಯ್ತು. ದಿನಾ ಕೈ ಉಗುರೆಲ್ಲ ಕರ್ರಗೆ ಮಾಡ್ಕೊಂಡು ಬರ್ತಾನೆ. ಯಾವ ಸೋಪಿಗೂ ಹೋಗಲ್ಲ. ಆ ಕೈಯಲ್ಲೇ ಮುದ್ದೆ ತಿಂತಾನೆ. – ಒಬ್ಬ ತಾಯಿ, ಮದ್ದೂರು

ಉತ್ತರ: ಅಮ್ಮಾ, ನೀರು ಮುಟ್ಟಿಸುವ ಮೊದಲು ಒಣ ಕೈಗೆ ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿಕೊಳ್ಳಲು ಹೇಳಿ. ಜಿಡ್ಡನ್ನು ಜಿಡ್ಡೇ ಕರಗಿಸುತ್ತದೆ. ಆಮೇಲೆ ಒಂದು ಚಮಚ ಸಕ್ಕರೆ. ಮಂಡ್ಯದವರ ಮನೆಯಲ್ಲಿ ಸಕ್ಕರೆಗೇನು ಬರ. ಅದರ ಹರಳು ಬೆರಳ ಸಂದಿಯ ಕೊಳೆ ಎತ್ತುತ್ತದೆ, ಚರ್ಮ ತರಚುವುದಿಲ್ಲ. ಹಳೇ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಸೀಗೆಪುಡಿ ಅಥವಾ ಕಡಲೆಹಿಟ್ಟು ಹಾಕಿ ತೊಳೆದರೆ ಆಯ್ತು. ಉಗುರಿನೊಳಗೆ ಹೋಗದ ಹಾಗೆ ಮಾಡಲು, ಕೆಲಸಕ್ಕೆ ಮುಂಚೆ ಒದ್ದೆ ಸೋಪಿನ ಬಿಲ್ಲೆಯನ್ನು ಉಗುರಲ್ಲಿ ಒಂದು ಸಲ ಪರಚಿಕೊಂಡರೆ ಸಂದಿ ಸೋಪಿನಿಂದಲೇ ತುಂಬಿರುತ್ತದೆ, ಎಣ್ಣೆಗೆ ಜಾಗ ಇರಲ್ಲ. ಪೆಟ್ರೋಲಲ್ಲಿ ಕೈ ತೊಳೆಯುವ ಅಭ್ಯಾಸ ಇದ್ದರೆ ಬಿಡಿಸಿ, ಚರ್ಮ ಒಡೆಯುತ್ತದೆ. ಮಾಲೀಕರನ್ನು ಕೇಳಿ ನೈಟ್ರೈಲ್ ಕೈಗವಸಿನ ಒಂದು ಡಬ್ಬಿ ತರಿಸಿಕೊಳ್ಳಲಿ.

ಮತ್ತೆ, ಅವನನ್ನು ಒಂದು ಮಾತು ಕೇಳಿ ನೋಡಿ: ತೊಳೆದ ಮೇಲೆ ಹಿಂದಿನ ಎರಡೂ ಬಿರಡೆ ವಾಪಸ್ ಹಾಕಿದ್ನಾ ಅಂತ. ಮರೆತು ನೀರಿಗಿಳಿಸಿದರೆ ಜಾಲರಿ ಬುಟ್ಟಿಯಲ್ಲಿ ಮುಳುಗಿಸಿದ ಹಾಗೆ. ನಾನಂತೂ ಬಿಚ್ಚಿದ ಬಿರಡೆಗಳನ್ನು ದಾರ ಕಟ್ಟಿ ಕೀ ಜೊತೆ ನೇತು ಹಾಕುತ್ತಿದ್ದೆ. ಕೀ ತೆಗೆದುಕೊಂಡವನ ಕೈಗೆ ಬಿರಡೆಯೂ ಬರುತ್ತಿತ್ತು.